ಹಳೆಯ ವಾಚಿನ ಬೆಲೆ ಅದರ ಮುಖದಲ್ಲಿದೆ: ಡಯಲಿಗೆ ಹೊಸ ಬಣ್ಣ ಬಳಿಸುವ ಮುನ್ನ ಯೋಚಿಸಿ

ಮುಂಬಯಿ: ಕಿಸೆಯಲ್ಲಿ ಮೊಬೈಲು ಇರುವಾಗ ಹೊತ್ತು ನೋಡಲು ವಾಚು ಯಾಕೆ ಎಂದು ಕೇಳುವವರು, ಹಳೆಯ ಕೈಗಡಿಯಾರಗಳ ಸಂಗ್ರಾಹಕರು ಸೇರುವಲ್ಲಿಗೆ ಒಮ್ಮೆ ಹೋಗಿ ನೋಡಬೇಕು. ಈ ಕೂಟಗಳಲ್ಲಿ ವೇದಿಕೆ, ಹಾರ-ತುರಾಯಿ, ಭಾಷಣಗಳ ಗೊಡವೆಯಿಲ್ಲ. ಒಂದು ಮೇಜು, ಅದರ ಮೇಲೊಂದು ಮೆತ್ತನೆಯ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ವಾಚುಗಳು, ಸುತ್ತ ಭೂತಗನ್ನಡಿ ಹಿಡಿದ ನಾಲ್ಕಾರು ಜನ. ಗಂಟೆ ಎಷ್ಟಾಯಿತೆಂದು ನೋಡಲು ಯಾರೂ ಆ ವಾಚುಗಳನ್ನು ಎತ್ತಿಕೊಳ್ಳುವುದಿಲ್ಲ. ಕೀ ಕೊಡದ ವಾಚುಗಳು ನಿಂತೇ ಇರುತ್ತವೆ. ಎಲ್ಲರ ಕಣ್ಣು ನೆಟ್ಟಿರುವುದು ಡಯಲಿನ ಮೇಲೆ.

ಡಯಲೆಂದರೆ ಬಹುತೇಕ ವಾಚುಗಳಲ್ಲಿ ತೆಳುವಾದ ಒಂದು ಹಿತ್ತಾಳೆ ಬಿಲ್ಲೆ. ಅದರ ನಡುವಿನಿಂದ ಅಂಚಿನವರೆಗೆ ಸೂರ್ಯಕಿರಣದಂತೆ ನವಿರಾದ ಗೀರುಗಳನ್ನು ಎಳೆದು, ಮೇಲೆ ಬಣ್ಣ ಅಥವಾ ಲೋಹದ ಲೇಪ ಕೊಡುತ್ತಾರೆ. ಹಾಗೆ ಮಾಡಿದ ಡಯಲನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಹೊಳಪು ಬೀಸಣಿಗೆಯಂತೆ ಸರಿದಾಡುತ್ತದೆ. ಅಕ್ಷರಗಳನ್ನು ಮೆತ್ತನೆಯ ಮುದ್ರೆಯಿಂದ ಒತ್ತುತ್ತಾರೆ. ಗಂಟೆಯ ಗುರುತುಗಳನ್ನು ಬಿಡಿಬಿಡಿಯಾಗಿ ಕೂರಿಸುವುದೂ ಉಂಟು. ಒಳಗಿನ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ವಾಚು ಕೊಳ್ಳುವವನ ಮನಸ್ಸನ್ನು ಮೊದಲು ಗೆಲ್ಲುವುದು ಈ ಬಿಲ್ಲೆಯೇ.

ಡಯಲಿನ ಮಹಿಮೆ ಎಷ್ಟೆಂಬುದಕ್ಕೆ ಹಾಲಿವುಡ್ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ ಒಳ್ಳೆಯ ಉದಾಹರಣೆ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 1.77 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ನಟನ ಹೆಸರಿನ ಆಕರ್ಷಣೆ ಇತ್ತು, ನಿಜ. ಆದರೆ ಆ ಬಗೆಯ ಡಯಲು ಅಂಗಡಿಗೆ ಬಂದ ಕಾಲದಲ್ಲಿ ಗಿರಾಕಿಗಳಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಕಡಿಮೆ ಮಾರಾಟವಾದದ್ದರಿಂದಲೇ ಮುಂದೆ ಅಪರೂಪವಾಯಿತು. 2021ರ ಡಿಸೆಂಬರಿನಲ್ಲಿ ತಿಳಿ ನೀಲಿ ಡಯಲಿನ ಪಟೇಕ್ ಫಿಲಿಪ್ ನಾಟಿಲಸ್ ಒಂದು 65 ಲಕ್ಷ ಡಾಲರಿಗೆ ಹರಾಜಾಯಿತು. ಆ ಬಣ್ಣದಲ್ಲಿ ತಯಾರಾದವು ಕೇವಲ 170. ಬಿಸಿಲು, ತೇವಕ್ಕೆ ಕಪ್ಪು ಬಣ್ಣ ಕಂದಿ ಕಾಫಿ ಬಣ್ಣಕ್ಕೆ ತಿರುಗಿದ ಡಯಲುಗಳನ್ನೂ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಕಾಲವೇ ಬಳಿದ ಬಣ್ಣ ಅದು, ಇನ್ನೊಂದು ಅದರಂತೆಯೇ ಇರುವುದಿಲ್ಲ ಎಂಬುದು ಅವರ ಲೆಕ್ಕ.

ಕೋಟಿ ಡಾಲರಿನ ಮಾತು ನಮಗೆ ದೂರದ್ದು. ಆದರೆ ನಮ್ಮ ಮನೆಗಳ ಕಪಾಟಿನಲ್ಲಿ ಎಚ್‌ಎಂಟಿ ಇದೆಯಲ್ಲ! 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಆರಂಭವಾಯಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕನ್ನಡ ನಾಡಿನಲ್ಲಿ ತಯಾರಾದ ಈ ವಾಚು ದೇಶದ ಮೂಲೆಮೂಲೆಯ ಕೈಗಳನ್ನು ಏರಿತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ಪಾಸಾದ ಮಗನಿಗೆ, ನಿವೃತ್ತರಾಗುವ ನೌಕರರಿಗೆ ಕೊಡುವ ಉಡುಗೊರೆ ಎಂದರೆ ಎಚ್‌ಎಂಟಿ ಎಂಬ ಕಾಲವಿತ್ತು. ಹೊಟೇಲು, ಮಿಲ್ಲು, ಬ್ಯಾಂಕುಗಳಲ್ಲಿ ದುಡಿಯಲು ಊರು ಬಿಟ್ಟು ಬಂದ ನಮ್ಮ ಹಿರಿಯರಲ್ಲೂ ಈ ವಾಚು ಕಟ್ಟಿಕೊಂಡವರು ಬಹಳ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆ ಬಳಿಕ ಹಳೆಯ ವಾಚುಗಳ ಮೇಲೆ ಜನರ ಮೋಹ ಇನ್ನಷ್ಟು ಹೆಚ್ಚಿತು.

ಎಚ್‌ಎಂಟಿ ಡಯಲುಗಳ ಚೆಲುವು ಅವುಗಳ ಸರಳತೆಯಲ್ಲಿದೆ. ಕೀ ಕೊಡುವ 'ಜನತಾ' ವಾಚಿನ ತಿಳಿ ಡಯಲು ಇಂದಿಗೂ ಹಳತೆನಿಸುವುದಿಲ್ಲ. ಕೆಲವು 'ಜನತಾ'ಗಳಲ್ಲಿ ಹೆಸರು ದೇವನಾಗರಿಯಲ್ಲಿದೆ. 'ಪೈಲಟ್' ವಾಚಿನ ಕಪ್ಪು ಡಯಲಿನ ದಪ್ಪ ಅಂಕಿಗಳು ದೂರದಿಂದಲೇ ಕಾಣುತ್ತವೆ. ಆಟೋಮ್ಯಾಟಿಕ್ 'ಕಾಂಚನ' ಮದುವೆ ಮನೆಯ ವಾಚೆಂದೇ ಹೆಸರಾಯಿತು. ಅಂಧರಿಗಾಗಿ ತಯಾರಿಸಿದ ಬ್ರೈಲ್ ವಾಚಂತೂ ಬೆರಳಿನಿಂದ ನೋಡುವಂಥದ್ದು. ಮುಚ್ಚಳ ತೆರೆದು ಮುಳ್ಳನ್ನೂ ಉಬ್ಬು ಚುಕ್ಕೆಗಳನ್ನೂ ಸವರಿದರೆ ಹೊತ್ತು ತಿಳಿಯುತ್ತದೆ.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ಮಾರುಕಟ್ಟೆಯಲ್ಲಿ ಮತ್ತು ಇಂಟರ್‌ನೆಟ್ಟಿನಲ್ಲಿ ಕೇಸರಿ, ಗಿಳಿಹಸಿರು, ಗುಲಾಬಿ ಬಣ್ಣಗಳಲ್ಲಿ ಮಿನುಗುವ ಹಳೆಯ ಎಚ್‌ಎಂಟಿ, ಸೀಕೊ ವಾಚುಗಳು ಧಾರಾಳವಾಗಿ ಸಿಗುತ್ತವೆ. ಇವುಗಳಲ್ಲಿ ಎಷ್ಟೋ ಡಯಲುಗಳು ಮೂಲದ ಬಣ್ಣವನ್ನು ಉಜ್ಜಿ ತೆಗೆದು ಹೊಸದಾಗಿ ಬಳಿದವು. ವಿದೇಶಿ ಸಂಗ್ರಾಹಕರು ಇಂಥ ವಾಚುಗಳಿಗೆ 'ಮುಂಬೈ ಸ್ಪೆಷಲ್' ಎಂದು ಅಡ್ಡಹೆಸರಿಟ್ಟಿದ್ದಾರೆ. ನಮ್ಮ ನಗರಕ್ಕೆ ಹೆಮ್ಮೆ ತರುವ ಹೆಸರೇನಲ್ಲ. ಬಣ್ಣ ಬಳಿಯುವವರೆಲ್ಲ ಮೋಸಗಾರರೆಂದು ಹೇಳುವಂತೆಯೂ ಇಲ್ಲ. ಕಡಲ ತೀರದ ಹವೆಗೆ ಕಲೆ ಬಿದ್ದ ಡಯಲನ್ನು "ಹೊಸದರಂತೆ ಮಾಡಿಕೊಡಿ" ಎಂದು ಕೇಳುವ ಗಿರಾಕಿಯೂ ಇದಕ್ಕೆ ಕಾರಣ. ಬಣ್ಣ ಬಳಿದದ್ದನ್ನು ಮೂಲದ್ದೆಂದು ಮಾರಿದಾಗ ಮಾತ್ರ ಅದು ಮೋಸವಾಗುತ್ತದೆ.

ಗುರುತಿಸುವುದು ಕಷ್ಟವಲ್ಲ. ಭೂತಗನ್ನಡಿ ಹಿಡಿದು ಅಕ್ಷರಗಳನ್ನು ನೋಡಬೇಕು. ಮೂಲ ಮುದ್ರಣ ಚೂಪಾಗಿ ನಿಂತಿರುತ್ತದೆ, ಮರುಮುದ್ರಣದಲ್ಲಿ ಶಾಯಿ ಹರಡಿ ಅಂಚು ಒರಟಾಗಿರುತ್ತದೆ. ನಿಮಿಷದ ಗೀಟುಗಳು ಗಂಟೆಯ ಗುರುತಿನ ನೇರಕ್ಕೆ ಇವೆಯೇ, 6ರ ಕೆಳಗಿನ ಅತಿ ಸಣ್ಣ ಅಕ್ಷರಗಳು ಅಳಿಸಿಹೋಗಿವೆಯೇ, ತಾರೀಕಿನ ಕಿಂಡಿಯ ಅಂಚಿನಲ್ಲಿ ಬಣ್ಣ ಮೆತ್ತಿದೆಯೇ ಎಂದು ಪರೀಕ್ಷಿಸಬೇಕು. ಐವತ್ತು ವರ್ಷದ ಸವೆದ ಕೇಸಿನೊಳಗೆ ನಿನ್ನೆ ಮಾಡಿದಂಥ ಡಯಲು ಕಂಡರೆ ಸಂಶಯ ಪಡುವುದೇ ಲೇಸು.

ಮನೆಯಲ್ಲಿ ತಂದೆ ಅಥವಾ ಅಜ್ಜನ ವಾಚು ಇದ್ದವರು ರಿಪೇರಿಗೆ ಕೊಡುವಾಗ "ಡಯಲು ಮುಟ್ಟಬೇಡಿ" ಎಂದು ಸ್ಪಷ್ಟವಾಗಿ ಹೇಳಬೇಕು, ಸಾಧ್ಯವಾದರೆ ರಶೀದಿಯಲ್ಲಿ ಬರೆಸಬೇಕು. ಯಂತ್ರ ಶುಚಿ ಮಾಡಿಸಿ ಎಣ್ಣೆ ಹಾಕಿಸಬಹುದು. ಗೀರು ಬಿದ್ದ ಪ್ಲಾಸ್ಟಿಕ್ ಗಾಜನ್ನು ಬದಲಿಸಬಹುದು. ಮಸುಕಾದ ಡಯಲೆಂದು ತಿಳಿದದ್ದು ಗಾಜು ಬದಲಿಸಿದೊಡನೆ ತಿಳಿಯಾಗಿ ಕಾಣುವುದುಂಟು. ಕತ್ತಲಲ್ಲಿ ಹೊಳೆಯಲೆಂದು ಬಹಳ ಹಳೆಯ ವಾಚುಗಳಿಗೆ ಹಚ್ಚಿದ ಬಣ್ಣದಲ್ಲಿ ರೇಡಿಯಂ ಇರಬಹುದಾದ್ದರಿಂದ ಅದನ್ನು ಮನೆಯಲ್ಲಿ ಕೆರೆಯುವುದು ಅಪಾಯ.

ಮೂಲ ಡಯಲಿನ ಎಚ್‌ಎಂಟಿಗೆ ಇಂದು ಸಿಗುವುದು ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿ ಮಾತ್ರ. ಆದರೆ ಮನೆಯವರಿಗೆ ಅದರ ಬೆಲೆ ಬೇರೆ. ಪಾಳಿ ತಪ್ಪಬಾರದೆಂದು, ಲೋಕಲ್ ರೈಲು ಹೋಗಬಾರದೆಂದು ಹಿರಿಯರು ದಿನಕ್ಕೆ ಹತ್ತು ಬಾರಿ ನೋಡಿದ ಮುಖ ಅದು. ಉಜ್ಜಿ ತೆಗೆದರೆ ಮತ್ತೆ ಬಾರದು.

ನಮ್ಮ ಕನ್ನಡ ಸಂಘಗಳು ಮುಂದಿನ ಸ್ನೇಹ ಸಮ್ಮಿಲನದಲ್ಲಿ ಒಂದು ಮೇಜನ್ನು ಇದಕ್ಕೆಂದೇ ಬಿಟ್ಟುಕೊಟ್ಟರೆ ಹೇಗೆ? ಹಿರಿಯ ಸದಸ್ಯರು ತಮ್ಮ ಹಳೆಯ ವಾಚು ತರಲಿ. ಯಾವ ವರ್ಷ ಕೊಂಡದ್ದು, ಯಾರು ಕೊಟ್ಟದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಲಿ. ಬೆಂಗಳೂರಿಗೆ ಹೋಗುವವರು ಜಾಲಹಳ್ಳಿ ಕಡೆಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಮಕ್ಕಳನ್ನು ಕರೆದೊಯ್ದು ತೋರಿಸಬಹುದು. ಅದಕ್ಕೂ ಮುನ್ನ, ಕಪಾಟಿನಲ್ಲಿರುವ ವಾಚನ್ನು ಹೊರತೆಗೆದು ಒಮ್ಮೆ ಬೆಳಕಿಗೆ ಹಿಡಿದು ನೋಡಿ.