ಅಡಿಕೆ ಸೀಮೆಯ ವಿಶ್ವವಿದ್ಯಾಲಯಕ್ಕೆ ಚೀನಾ ಪುಸ್ತಕ ಯಾಕೆ ಬೇಕು?

ಚೀನಾ ಬಗ್ಗೆ ನಮ್ಮಲ್ಲಿ ಅಭಿಪ್ರಾಯಕ್ಕೇನೂ ಬರ ಇಲ್ಲ. ಗಡಿಯಲ್ಲಿ ಗಲಾಟೆ ಆದ್ರೆ 'ಆಪ್ ಡಿಲೀಟ್ ಮಾಡಿ' ಅಂತಾರೆ. ದೀಪಾವಳಿ ಬಂದ್ರೆ 'ಸೀರಿಯಲ್ ಸೆಟ್ ಕೊಳ್ಳಬೇಡಿ' ಅಂತಾರೆ. ಇಷ್ಟಾದರೂ 2024-25ರಲ್ಲಿ ಚೀನಾ ಜೊತೆಗಿನ ಭಾರತದ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್ ಮುಟ್ಟಿತು. ಅಂದರೆ, ನಾವು ಬೈಯುವುದನ್ನೂ ನಿಲ್ಲಿಸಿಲ್ಲ, ಕೊಳ್ಳುವುದನ್ನೂ ನಿಲ್ಲಿಸಿಲ್ಲ. ಓದುವುದನ್ನು ಮಾತ್ರ ಸರಿಯಾಗಿ ಶುರುವೇ ಮಾಡಿಲ್ಲ.

ಕಡೂರು, ತರೀಕೆರೆ ಅಥವಾ ಅಜ್ಜಂಪುರದಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳಿಗೆ ಚೀನಾ ಬಗ್ಗೆ ಗಂಭೀರವಾಗಿ ಓದಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು? ಸಾಮಾನ್ಯವಾಗಿ ಸಿಗುವ ಉತ್ತರ: ದೆಹಲಿಗೆ. ಇಲ್ಲಾ ಶಾಂತಿನಿಕೇತನಕ್ಕೆ. ಆದರೆ ಈ ಸೀಮೆಯ ಕಾಲೇಜುಗಳು ಬರುವುದು 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ. ಅದರ ಕ್ಯಾಂಪಸ್ ಇರುವ ಶಂಕರಘಟ್ಟ ತರೀಕೆರೆಗೆ ಹತ್ತಿರವೇ. ಅಲ್ಲಿನ ಗ್ರಂಥಾಲಯದಲ್ಲಿ ಒಂದು ಚೀನಾ ಅಧ್ಯಯನ ಸಂಗ್ರಹ ಕಟ್ಟಬೇಕು ಅಂದರೆ ಏನೇನು ಬೇಕಾಗುತ್ತೆ? ಅದರಿಂದ ಈ ಮೂರು ತಾಲೂಕಿನವರಿಗೆ ಏನು ಸಿಗುತ್ತೆ?

ಅಡಿಕೆಯಿಂದಲೇ ಶುರು ಮಾಡೋಣ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಮಲೆನಾಡಿನ ಬೆಳೆಗಾರರ ತಲೆ ಮೇಲೆ ಒಂದು ಕತ್ತಿ ತೂಗುತ್ತಲೇ ಇದೆ. ಇಲ್ಲಿ ನಡೆಯುವ ಚರ್ಚೆಯಲ್ಲಿ ಚೀನಾ ಹೆಸರು ಬರುವುದು ಅಪರೂಪ. ಆದರೆ ಚೀನಾದಲ್ಲೂ ಅಡಿಕೆ ಇದೆ. ಅಲ್ಲಿ ಅದನ್ನು 'ಬಿಂಗ್‌ಲಾಂಗ್' ಅಂತಾರೆ. ಬೆಳೆಯುವುದು ಹೆಚ್ಚಾಗಿ ಹೈನಾನ್ ದ್ವೀಪದಲ್ಲಿ, ಸಂಸ್ಕರಿಸಿ ಜಗಿಯುವುದು ಹೆಚ್ಚಾಗಿ ಹುನಾನ್ ಪ್ರಾಂತ್ಯದಲ್ಲಿ.

2021ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ ಟಿವಿ, ರೇಡಿಯೊ, ಆನ್‌ಲೈನ್ ವಿಡಿಯೊಗಳಲ್ಲಿ ಅಡಿಕೆ ಉತ್ಪನ್ನಗಳ ಜಾಹೀರಾತು ನಿಲ್ಲಿಸಿತು. ಮರುವರ್ಷ ಫು ಸೊಂಗ್ ಎಂಬ ಗಾಯಕ 36ನೇ ವಯಸ್ಸಿಗೆ ಬಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ದೇಶದ ತುಂಬ ಚರ್ಚೆ ಎದ್ದಿತು.

ಈಗ ತರೀಕೆರೆಯ ಬೆಳೆಗಾರ ಕೇಳಬೇಕಾದ ಪ್ರಶ್ನೆಗಳನ್ನು ನೋಡಿ. ಜಾಹೀರಾತು ನಿಂತ ಮೇಲೆ ಹೈನಾನ್ ರೈತನಿಗೆ ಸಿಕ್ಕ ಬೆಲೆ ಏನಾಯ್ತು? ಬೇರೆ ಬೆಳೆಗೆ ಹೋಗಿ ಅಂತ ಯಾರಾದರೂ ಹೇಳಿದರಾ? ಹೇಳಿದವರು ದುಡ್ಡು ಕೊಟ್ಟರಾ? ಅಡಿಕೆ ಉದ್ಯಮವನ್ನೇ ನಂಬಿದ್ದ ಊರುಗಳು ಏನು ಮಾಡಿದವು? 'ಅವರದು ಸಿಪ್ಪೆ ಸಮೇತ ಜಗಿಯುವ ಅಡಿಕೆ, ನಮ್ಮದು ಸುಲಿದು ಬೇಯಿಸಿ ಒಣಗಿಸಿದ್ದು, ಎರಡೂ ಒಂದೇ ಅಲ್ಲ' ಎಂದು ವಾದ ಮಾಡುವುದಿದ್ದರೂ, ಅಲ್ಲಿನ ವೈದ್ಯರು ಏನು ಬರೆದಿದ್ದಾರೆ ಎಂದು ಮೊದಲು ಗೊತ್ತಿರಬೇಕು. ಇದರ ಬಹುಪಾಲು ಇರುವುದು ಚೀನೀ ಭಾಷೆಯ ಪತ್ರಿಕೆ, ಜರ್ನಲ್, ಸರ್ಕಾರಿ ವರದಿಗಳಲ್ಲಿ. ನಾಳೆ ಇಲ್ಲೂ ಅಂಥದ್ದೇ ಆದೇಶ ಬಂದರೆ, ನಮ್ಮ ಪರವಾಗಿ ಮಾತಾಡುವವರ ಕೈಯಲ್ಲಿ ವಾಟ್ಸ್ಆ್ಯಪ್ ಫಾರ್ವರ್ಡ್ ಇರಬೇಕಾ, ದಾಖಲೆ ಇರಬೇಕಾ?

ಪುಲಕೇಶಿ ಕಥೆ ಬಂದದ್ದೆಲ್ಲಿಂದ?

ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನಿಗೆ ತಲೆಬಾಗಲಿಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಇದಕ್ಕೆ ಎರಡು ಮುಖ್ಯ ಆಧಾರಗಳಿವೆ. ಒಂದು, ರವಿಕೀರ್ತಿ ಬರೆದ ಕ್ರಿ.ಶ. 634ರ ಐಹೊಳೆ ಶಾಸನ. ಅದು ಆಸ್ಥಾನ ಕವಿಯ ಮಾತು, ಹೊಗಳಿಕೆ ಇದ್ದೇ ಇರುತ್ತೆ. ಇನ್ನೊಂದು, ಹೊರಗಿನಿಂದ ಬಂದ ಸಾಕ್ಷಿ. ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನದು. ಕನ್ನಡಿಗರ ಅಭಿಮಾನದ ಕಥೆಯೊಂದು ಅರ್ಧ ನಿಂತಿರುವುದು ಚೀನೀ ಪುಸ್ತಕದ ಮೇಲೆ. ಅದನ್ನು ನಾವು ಓದುತ್ತಾ ಬಂದಿರುವುದು ಮುಖ್ಯವಾಗಿ 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಮಾಡಿದ ಇಂಗ್ಲಿಷ್ ಅನುವಾದ, ಆಮೇಲೆ ಥಾಮಸ್ ವಾಟರ್ಸ್ ಬರೆದ ವಿವರಣೆಗಳ ಮೂಲಕ. ಆತ ಹೇಳುವ 'ಕೊಂಕಣಪುರ' ಯಾವುದು ಎಂಬುದರಲ್ಲಿ ಇಂದಿಗೂ ಒಮ್ಮತ ಇಲ್ಲ. ಬನವಾಸಿ ಇರಬಹುದು ಎಂದವರೂ ಇದ್ದಾರೆ. ಮೂಲವನ್ನು ನೇರವಾಗಿ ಓದಬಲ್ಲ ಕನ್ನಡದ ಇತಿಹಾಸ ವಿದ್ಯಾರ್ಥಿಗಳು ಇದ್ದರೆ ಈ ಚರ್ಚೆಯಲ್ಲಿ ನಮಗೂ ಒಂದು ದನಿ ಇರುತ್ತೆ.

ಓದಿಸಿಕೊಂಡವರು ನಾವು, ಓದಿದವರು ಅವರು

ಚಿಕ್ಕಮಗಳೂರು ಜಿಲ್ಲೆಯ ಹೆಸರು 'ಕಡೂರು ಜಿಲ್ಲೆ' ಆಗಿದ್ದಾಗ, ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಕಲೆಹಾಕಿ 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೇ ಸಂಪುಟವಾಗಿ ತಂದರು. ಇದು ಕೂಡ ಒಂದು ಸಂಗ್ರಹವೇ. ಊರೂರಿನ ಕಲ್ಲುಗಳಿಗೆ ತಾಲೂಕುವಾರು ನಂಬರ್ ಕೊಟ್ಟು, ಯಾರು ಬೇಕಾದರೂ ಹುಡುಕಬಹುದಾದ ಕ್ರಮ.

ಇನ್ನೊಂದು ಉದಾಹರಣೆ ಇನ್ನೂ ಸ್ವಾರಸ್ಯದ್ದು. ಪಿಎಲ್-480 ಗೋಧಿ ಬಗ್ಗೆ ಅಜ್ಜ-ಅಜ್ಜಿಯರಿಂದ ಕೇಳಿರುತ್ತೀರಿ. ಅಮೆರಿಕ ಕೊಟ್ಟ ಗೋಧಿಗೆ ಭಾರತ ರೂಪಾಯಿಯಲ್ಲಿ ದುಡ್ಡು ಕೊಡುತ್ತಿತ್ತು. ಆ ರೂಪಾಯಿಯ ಒಂದು ಪಾಲಿನಲ್ಲಿ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಅಲ್ಲಿನ ಗ್ರಂಥಾಲಯಗಳಲ್ಲಿ ಇಂದು ದೊಡ್ಡ ಕನ್ನಡ ಸಂಗ್ರಹ ಇರುವುದಕ್ಕೆ ಇದೂ ಒಂದು ಕಾರಣ. ನಾವು ಹಸಿವಿಗೆ ಗೋಧಿ ತಂದೆವು, ಅವರು ನಮ್ಮನ್ನು ಅರಿಯಲು ಪುಸ್ತಕ ಒಯ್ದರು. ಬೇರೆ ದೇಶವನ್ನು ಓದುವುದು ಔದಾರ್ಯ ಅಲ್ಲ, ಅದು ಅಧಿಕಾರ.

ಭಾರತದಲ್ಲಿ ನಡೆದದ್ದು

1924ರಲ್ಲಿ ಚೀನಾಕ್ಕೆ ಹೋಗಿದ್ದ ರವೀಂದ್ರನಾಥ ಟ್ಯಾಗೋರ್, ವಿದ್ವಾಂಸ ತಾನ್ ಯುನ್-ಶಾನ್ ಜೊತೆ ಸೇರಿ 1937ರ ಏಪ್ರಿಲ್ 14ರಂದು ಶಾಂತಿನಿಕೇತನದಲ್ಲಿ ಚೀನಾ ಭವನ ತೆರೆದರು. ಅದರ ಗ್ರಂಥಾಲಯ ಬೆಳೆದದ್ದು ಮುಖ್ಯವಾಗಿ ಚೀನಾದಿಂದ ಬಂದ ಪುಸ್ತಕ ದೇಣಿಗೆಯಿಂದ. ಆಮೇಲೆ 1962ರ ಯುದ್ಧ. ಸುಮಾರು ಮೂರು ಸಾವಿರ ಭಾರತೀಯ ಚೀನೀಯರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದೆವು. ಎರಡು ವರ್ಷದ ನಂತರ, 1964ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನ ಕೇಂದ್ರ ಶುರುವಾಯಿತು. ಸೋತ ಮೇಲೆ ಓದಲು ಕೂತೆವು.

ಸಂಗ್ರಹ ಕಟ್ಟೋದು ಅಂದ್ರೆ...

ಕಪಾಟು ತುಂಬಿಸುವುದಲ್ಲ. ಮೊದಲು, ಏನು ಬೇಕು ಎಂಬ ನಿರ್ಧಾರ. ಎಲ್ಲವನ್ನೂ ಕೊಳ್ಳಲು ದೆಹಲಿಗೂ ಆಗಲ್ಲ. ಈ ಸೀಮೆಗೆ ಹೊಂದುವ ಮೂರು ವಿಷಯ ಸಾಕು: ತೋಟಗಾರಿಕೆ ಮತ್ತು ಗ್ರಾಮೀಣ ಆರ್ಥಿಕತೆ, ಬೌದ್ಧ ಧರ್ಮ ಮತ್ತು ಪ್ರಾಚೀನ ಇತಿಹಾಸ, ಗಣಿ-ಉಕ್ಕು-ಪರಿಸರ. ಕೊನೆಯದು ಯಾಕೆ ಅಂದ್ರೆ, ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. 2000ರ ದಶಕದಲ್ಲಿ ಬಳ್ಳಾರಿಯನ್ನು ಅಗೆದು ಹಾಕಿದ್ದರ ಹಿಂದೆ ಚೀನಾದ ಉಕ್ಕಿನ ಹಸಿವಿತ್ತು.

ಎರಡನೆಯದು, ಭಾಷೆಯ ಮೆಟ್ಟಿಲು. ಮೊದಲು ಕನ್ನಡ ಮತ್ತು ಇಂಗ್ಲಿಷ್ ಪುಸ್ತಕ. ಅನಂತಮೂರ್ತಿಯವರ 'ದಾವ್ ದ ಜಿಂಗ್' ಅನುವಾದದಂಥವು ಮೊದಲ ಸಾಲಲ್ಲಿರಲಿ. ಆಮೇಲೆ ನಿಘಂಟು, ಭಾಷಾ ಪಠ್ಯ. ಕೊನೆಗೆ ಚೀನೀ ಮೂಲಗಳು. ಹಳೆಯ ಗ್ರಂಥಗಳಲ್ಲಿ ಬಹಳಷ್ಟು ಇಂಟರ್ನೆಟ್‌ನಲ್ಲಿ ಉಚಿತ. ಬೌದ್ಧ ತ್ರಿಪಿಟಕದ ಚೀನೀ ಆವೃತ್ತಿ, ಹ್ಯೂಯೆನ್ ತ್ಸಾಂಗ್‌ನ ಮೂಲ ಪಠ್ಯ ಕೂಡ ಹಾಗೆ ಸಿಗುತ್ತವೆ.

ಮೂರನೆಯದು, ಹೆಸರಿನ ತಲೆನೋವು. ಹ್ಯೂಯೆನ್ ತ್ಸಾಂಗ್, ಯುವಾನ್ ಚ್ವಾಂಗ್, ಶ್ವಾನ್‌ಜಾಂಗ್ ಮೂವರೂ ಒಬ್ಬನೇ! ಚೀನಾ 1958ರಲ್ಲಿ ರೋಮನ್ ಲಿಪಿಗೆ 'ಪಿನ್‌ಯಿನ್' ಕ್ರಮ ತಂದರೂ, ಲೈಬ್ರರಿ ಆಫ್ ಕಾಂಗ್ರೆಸ್ ಅದಕ್ಕೆ ಬದಲಾಗಿದ್ದು 2000ದಲ್ಲಿ. ಕ್ಯಾಟಲಾಗ್‌ನಲ್ಲಿ ಎಲ್ಲ ರೂಪಗಳನ್ನೂ ಒಂದಕ್ಕೊಂದು ಜೋಡಿಸದಿದ್ದರೆ, ಪುಸ್ತಕ ಕಪಾಟಿನಲ್ಲೇ ಇದ್ದರೂ ಓದುಗರಿಗೆ ಇಲ್ಲ. ಹಾಗಾಗಿ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಸ್ವಲ್ಪವಾದರೂ ಚೀನೀ ಕಲಿತ ಒಬ್ಬ ಗ್ರಂಥಪಾಲಕ.

ಬಿಟ್ಟಿ ಪುಸ್ತಕದ ಬೆಲೆ

ಚೀನಾ ಸರ್ಕಾರ ಕನ್ಫ್ಯೂಷಿಯಸ್ ಸಂಸ್ಥೆಗಳ ಮೂಲಕ ಜಗತ್ತಿನ ನೂರಾರು ವಿಶ್ವವಿದ್ಯಾಲಯಗಳಿಗೆ ಶಿಕ್ಷಕರು, ಪುಸ್ತಕ, ಹಣ ಕೊಟ್ಟಿದೆ. ಜೊತೆಗೆ ತನಗೆ ಇಷ್ಟವಿಲ್ಲದ ವಿಷಯಗಳ ಮೌನವನ್ನೂ ರವಾನಿಸುತ್ತದೆ ಎಂಬ ಆರೋಪ ಇದೆ. 2020ರಲ್ಲಿ ಭಾರತ ಸರ್ಕಾರ ಇವುಗಳ ಮರುಪರಿಶೀಲನೆಗೆ ಇಳಿಯಿತು. ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಕರಡಿನಲ್ಲಿ ಇದ್ದ ಚೀನೀ ಭಾಷೆಯ ಹೆಸರು ಮಾಯವಾಯಿತು. ಮೊದಲನೆಯದು ಎಚ್ಚರಿಕೆ ಅನ್ನಬಹುದು. ಎರಡನೆಯದು ನಮ್ಮ ಕಣ್ಣಿಗೆ ನಾವೇ ಕಟ್ಟಿಕೊಂಡ ಬಟ್ಟೆ.

ಚೀನಾ ತಾನೂ ಬಾಗಿಲು ಹಾಕುತ್ತಿದೆ. ಅಲ್ಲಿನ ಅತಿ ದೊಡ್ಡ ಜರ್ನಲ್ ಡೇಟಾಬೇಸ್ ಸಿಎನ್‌ಕೆಐ, 2023ರ ಏಪ್ರಿಲ್‌ನಿಂದ ತನ್ನ ಕೆಲವು ಭಾಗಗಳನ್ನು ವಿದೇಶಿ ಓದುಗರಿಗೆ ನಿಲ್ಲಿಸಿತು. ಹಾಗಾಗಿ ಒಳ್ಳೆಯ ಸಂಗ್ರಹದಲ್ಲಿ ಬೀಜಿಂಗ್‌ನ ಸರ್ಕಾರಿ ಪ್ರಕಟಣೆ ಇರಬೇಕು, ತೈವಾನ್, ಹಾಂಗ್‌ಕಾಂಗ್‌ನ ಪುಸ್ತಕ ಇರಬೇಕು, ಟಿಬೆಟನ್ನರ ಮಾತೂ ಇರಬೇಕು. ಬೈಲಕುಪ್ಪೆ, ಮುಂಡಗೋಡು ನಮ್ಮ ರಾಜ್ಯದಲ್ಲೇ ಇವೆ ಅಲ್ವಾ?

ದುಡ್ಡು ಎಲ್ಲಿದೆ?

'ಅತಿಥಿ ಉಪನ್ಯಾಸಕರಿಗೆ ಸಂಬಳ ಸರಿಯಾಗಿ ಕೊಡಿ, ಆಮೇಲೆ ಚೀನಾ' ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತು. ಆದರೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿದೆ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್ ತರಹದ ದೊಡ್ಡ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುವ ಯೋಜನೆ ಅದು. ಇಂಗ್ಲಿಷ್‌ನಲ್ಲಿ ಬರೆದ ಜ್ಞಾನಕ್ಕೆ ಇಷ್ಟು ದುಡ್ಡು ಇದೆ ಅಂದ ಮೇಲೆ, ಪಕ್ಕದ ದೇಶದ ಭಾಷೆಗೆ ಒಂದು ಚೂರು ಕೇಳುವುದು ದುಬಾರಿಯೇನಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ವಿಷಯ ಹಂಚಿಕೊಂಡು, ಪುಸ್ತಕಗಳನ್ನು ಪರಸ್ಪರ ಎರವಲು ಕೊಟ್ಟರೆ ಖರ್ಚು ಇನ್ನೂ ಇಳಿಯುತ್ತೆ.

ಶುರುವಿಗೆ ಇನ್ನೂರು ಪುಸ್ತಕ, ಒಂದು ಕಂಪ್ಯೂಟರ್, ತರಬೇತಿ ಪಡೆದ ಒಬ್ಬ ಗ್ರಂಥಪಾಲಕ ಸಾಕು. ಅಡಿಕೆ ಬಗ್ಗೆ ಚೀನಾದಲ್ಲಿ ಬಂದ ಹತ್ತು ಮುಖ್ಯ ವರದಿಗಳನ್ನು ಕನ್ನಡಕ್ಕೆ ತಂದು ಅಜ್ಜಂಪುರ, ಕಡೂರಿನ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಇಟ್ಟರೆ, ಆ ಸಂಗ್ರಹದ ಮೊದಲ ಓದುಗರು ಪ್ರೊಫೆಸರ್‌ಗಳಲ್ಲ, ಬೆಳೆಗಾರರು ಆಗಿರುತ್ತಾರೆ.

ಈ ಸೀಮೆಯ ಕಾಲೇಜುಗಳಲ್ಲಿ ಓದುತ್ತಿರುವವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮಗೆ ಬೇಕಾದ ಐದು ಪುಸ್ತಕಗಳ ಹೆಸರು ಬರೆದು, ಕಾಲೇಜಿನ ಗ್ರಂಥಪಾಲಕರಿಗೂ ವಿಶ್ವವಿದ್ಯಾಲಯಕ್ಕೂ ಲಿಖಿತವಾಗಿ ಕೊಡಿ. 'ಓದುವವರೇ ಇಲ್ಲ' ಎಂಬುದು ಪುಸ್ತಕ ಕೊಳ್ಳದಿರಲು ಸುಲಭವಾಗಿ ಸಿಗುವ ನೆಪ. ಆ ನೆಪವನ್ನು ಕಿತ್ತುಕೊಳ್ಳಲು ಬಜೆಟ್ ಬೇಕಿಲ್ಲ, ನಿಮ್ಮ ಸಹಿ ಸಾಕು.