ಮತಯಂತ್ರದ ಮೊದಲ ಕಡತದಲ್ಲಿ ಏನಿರಬೇಕು?

ಇಂಜಿನಿಯರಿಂಗ್ ಓದುವಾಗ ನಾವು ಮೊದಲು ಯಂತ್ರ ಮಾಡಿ, ಕೊನೇ ವಾರ ರಾತ್ರಿಯಿಡೀ ಕೂತು ರಿಪೋರ್ಟ್ ಬರೀತಿದ್ವಿ. ‘ಈ ವಿನ್ಯಾಸವೇ ಯಾಕೆ?’ ಅನ್ನೋ ಪ್ರಶ್ನೆಗೆ ಉತ್ತರ ಆಮೇಲೆ ಹುಟ್ಟಿಸ್ತಿದ್ವಿ. ಇದು ತಲೆಕೆಳಗಾದ ಕ್ರಮ. ಯಂತ್ರದ ಆರಂಭಿಕ ಪರಿಕಲ್ಪನೆ ಅಂದ್ರೆ ಬರೀ ನಕ್ಷೆಯಲ್ಲ. ಏನು ಅಗತ್ಯ, ಯಾವ ದಾರಿ ಹಿಡಿದೆವು, ಯಾವುದನ್ನು ಯಾಕೆ ಬಿಟ್ಟೆವು, ಸರಿಯಾಯಿತೋ ಇಲ್ಲವೋ ಅಂತ ಹೇಗೆ ಪರೀಕ್ಷಿಸುತ್ತೇವೆ: ಈ ನಾಲ್ಕರ ದಾಖಲೆ ಅದು.

ಇವಿಎಂ ಅನ್ನೇ ತಗೊಳ್ಳಿ. 1977ರಲ್ಲಿ ಚುನಾವಣಾ ಆಯೋಗದಲ್ಲಿ ಮೊಳೆತ ಯೋಚನೆಗೆ 1979ರಲ್ಲಿ ಹೈದರಾಬಾದಿನ ಇಸಿಐಎಲ್ ಮಾದರಿ ತಯಾರಿಸಿತು. ಮುಂದೆ ಬೆಂಗಳೂರಿನ ಬಿಇಎಲ್ ಕೂಡ ಜೊತೆಯಾಯಿತು. ಆ ಯಂತ್ರದ ಒಂದೊಂದು ಭಾಗದ ಹಿಂದೆಯೂ ಒಂದು ಅಗತ್ಯ ಕಾಣುತ್ತೆ. ಕರೆಂಟ್ ಇಲ್ಲದ ಊರಲ್ಲೂ ನಡೆಯಬೇಕು, ಹಾಗಾಗಿ ಬ್ಯಾಟರಿ. ಓದು ಬಾರದವರೂ ಬಳಸಬೇಕು, ಹಾಗಾಗಿ ಬಟನ್ ಪಕ್ಕ ಚಿಹ್ನೆ. ಒಬ್ಬರಿಗೆ ಒಂದೇ ಮತ ಇರಬೇಕು, ಹಾಗಾಗಿ ಎರಡು ಪೆಟ್ಟಿಗೆ: ಅಧಿಕಾರಿ ತನ್ನ ಪೆಟ್ಟಿಗೆಯ ಬಟನ್ ಒತ್ತಿದರಷ್ಟೇ ಮತದಾರರ ಪೆಟ್ಟಿಗೆ ಒಂದು ಮತಕ್ಕೆ ತೆರೆದುಕೊಳ್ಳುತ್ತೆ.

ಆದರೆ ಕಾನೂನಿನ ಒಪ್ಪಿಗೆಯೂ ಒಂದು ಅಗತ್ಯವೇ. ಅದಿಲ್ಲದೆಯೇ 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಲಾಯಿತು. ಕಾನೂನಿನಲ್ಲಿ ಇದಕ್ಕೆ ಅವಕಾಶವೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮತಗಟ್ಟೆಗಳಲ್ಲಿ ಮರುಮತದಾನ ನಡೆದು ಗೆದ್ದವರೇ ಬದಲಾದರು. ಕಾನೂನು ತಿದ್ದುಪಡಿಯಾಗಿದ್ದು 1988ರಲ್ಲಿ.

ಇನ್ನೊಂದು ಅಗತ್ಯ, ಮತದಾರರ ಖಾತರಿ. ಬೀಪ್ ಶಬ್ದ ಮತ ದಾಖಲಾಯಿತು ಅನ್ನುತ್ತೆ. ಯಾರ ಹೆಸರಿಗೆ ದಾಖಲಾಯಿತು ಅನ್ನೋದಕ್ಕೆ ಕಾಗದದ ಸಾಕ್ಷಿ ಇರಲಿಲ್ಲ. ವಿವಿಪ್ಯಾಟ್ ಮೊದಲು ಬಳಕೆಗೆ ಬಂದದ್ದು 2013ರಲ್ಲಿ. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಕಾಗದದ ದಾಖಲೆ ಬೇಕೇ ಬೇಕು ಅಂದಿತು. ಇಲ್ಲೂ ‘ಬಿಟ್ಟ ದಾರಿ’ ಗಮನಿಸಿ. ಚೀಟಿ ಕೈಗೆ ಕೊಟ್ಟರೆ, ಮತ ಮಾರಿಕೊಂಡವರಿಗೆ ಅದೇ ರಸೀದಿ! ಅದಕ್ಕೇ ಅದು ಗಾಜಿನ ಹಿಂದೆ ಏಳು ಸೆಕೆಂಡ್ ಕಂಡು ಪೆಟ್ಟಿಗೆಗೆ ಬೀಳುತ್ತೆ.

ಗುಟ್ಟು ಮತ್ತು ಖಾತರಿ ಹೀಗೆ ಒಂದನ್ನೊಂದು ಎಳೆಯುತ್ತವೆ. ಈ ಜಗ್ಗಾಟ ಮೊದಲ ಕಡತದಲ್ಲೇ ಬರೆದಿಡಬೇಕಾದದ್ದು. ಸಾರ್ವಜನಿಕ ಯಂತ್ರ ಯಾವುದೇ ಬರಲಿ, ‘ಕೆಲಸ ಮಾಡುತ್ತಾ?’ ಅಂತ ಮಾತ್ರ ಕೇಳಬೇಡಿ. ‘ಹೀಗೇ ಯಾಕೆ?’ ಅಂತಲೂ ಕೇಳಿ. ಉತ್ತರ ಕಡತದಲ್ಲಿಲ್ಲ ಅಂದ್ರೆ ಅದನ್ನು ಹುಡುಕುವ ಕೆಲಸ ಕೋರ್ಟಿನ ಪಾಲಾಗುತ್ತೆ.