ಹತ್ತು ರೂಪಾಯಿ ಐಸಿಯಲ್ಲಿ ಸರಿಗಮಪ!

ಹೊನ್ನಾಳಿಯಲ್ಲಿ ಭಜನೆ ಇರಲಿ, ನ್ಯಾಮತಿಯಲ್ಲಿ ಗಣಪತಿ ಕೂರಿಸಲಿ, ಚನ್ನಗಿರಿ ಕಡೆಯ ಹಳ್ಳಿಯಲ್ಲಿ ನಾಟಕ ಇರಲಿ, ಮೊದಲು ಹುಡುಕುತ್ತಿದ್ದದ್ದು ಹಾರ್ಮೋನಿಯಂ ಮೇಷ್ಟ್ರನ್ನ. ಈಗ ಬಹಳ ಕಡೆ ಆ ಜಾಗಕ್ಕೆ ಬಾಡಿಗೆ ಕೀಬೋರ್ಡ್ ಬಂದು ಕೂತಿದೆ. ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ತಬಲ. ಭೇಷ್! ಆದರೆ ಕೆಟ್ಟು ಕೂತರೆ? ದಾವಣಗೆರೆಗೆ ಒಯ್ಯಿರಿ, ಅಲ್ಲೂ ಆಗದಿದ್ದರೆ ಬೆಂಗಳೂರು ಬಸ್ಸು ಹತ್ತಿಸಿ. ಪೆಟ್ಟಿಗೆ ಒಳಗೆ ಏನೈತೆ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ ಅಂದ್ರೆ ಏನ್ರೀ ಅರ್ಥ?

ಮೊನ್ನೆ ಮೊನ್ನೆಯವರೆಗೆ ಹೀಗಿರಲಿಲ್ಲ. ರೇಡಿಯೋಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದ ಕಾಲದಲ್ಲಿ ತಾಲ್ಲೂಕು ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇರುತ್ತಿತ್ತು. ಅಲ್ಲಿ ಬೆಸುಗೆ ಹಾಕೋದನ್ನು ನೋಡುತ್ತಾ ನಿಂತ ಹುಡುಗನೇ ನಾಳೆ ಮೆಕ್ಯಾನಿಕ್ ಆಗುತ್ತಿದ್ದ. ಆ ವಿದ್ಯೆ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಪೂರ್ತಿ ಆರುವ ಮುಂಚೆ ನಮ್ಮ ಹುಡುಗರ ಕೈಗೆ ಒಂದು ಕೆಲಸ ಕೊಡೋಣ: ತಮ್ಮ ಕೈಯಾರೆ ಒಂದು ಸಣ್ಣ ಸಿಂಥಸೈಜರ್ ಕಟ್ಟೋದು.

ಹೊರಗಿನದು ಒಳಗಿನದಾದ ಕಥೆ

ಸಿಂಥಸೈಜರ್ ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ. 'ಅದು ಪರದೇಶಿ ವಸ್ತು, ನಮಗ್ಯಾಕೆ?' ಅನ್ನೋರು ಹಾರ್ಮೋನಿಯಂ ನೆನೆಸಿಕೊಳ್ಳಲಿ. ಅದೂ ಹಡಗು ಹತ್ತಿ ಬಂದದ್ದೇ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ಪ್ರವೇಶವೇ ಇರಲಿಲ್ಲ. ಆದರೂ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ನಮ್ಮ ಸೀಮೆಯಲ್ಲಿ, ಕಾಲು ಹಾರ್ಮೋನಿಯಂ ಇಲ್ಲದೆ ಪರದೆ ಏಳೋದುಂಟಾ?

ಸಿಂಥಸೈಜರಿಗೆ ಹೆಸರು ತಂದ ಅಮೆರಿಕದ ರಾಬರ್ಟ್ ಮೂಗ್ ಕೂಡ ಶುರು ಮಾಡಿದ್ದು ಮನೆಯಲ್ಲೇ. ಹದಿನಾಲ್ಕರ ಹುಡುಗ, ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿ ಥೆರೆಮಿನ್ ಎಂಬ ವಾದ್ಯ ಕಟ್ಟಿದ. 1964ರಲ್ಲಿ ಅದೇ ಕೈ ಸಿಂಥಸೈಜರ್ ಮಾಡಿತು. 1969ರಲ್ಲೇ ಒಂದು ಮೂಗ್ ಯಂತ್ರ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಬಂದು ಕೂತಿತ್ತು.

ಇನ್ನೂ ಹತ್ತಿರ ಬನ್ನಿ. ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಕೆಲಸಕ್ಕೆ ಕೈ ಹಾಕಿದರು. ಅವರ ರಾಡೆಲ್ ಕಂಪನಿಯ ತಂಬೂರ ಪೆಟ್ಟಿಗೆಗಳನ್ನು ಸಂಗೀತ ಕಲಿಯುವ ಮನೆಗಳಲ್ಲಿ ನೀವೇ ನೋಡಿರುತ್ತೀರಿ. ಹಾಡು ಬಲ್ಲವನಿಗೆ ಬೆಸುಗೆಯೂ ಬಂದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಬೇಕಾದ ಸಾಮಾನು

555 ಅಂತ ಒಂದು ಐಸಿ ಐತೆ. ಎಂಟು ಕಾಲಿನ ಕರಿ ಹುಳದ ಹಾಗೆ. 1972ರಲ್ಲಿ ಮಾರುಕಟ್ಟೆಗೆ ಬಂದದ್ದು ಇವತ್ತಿಗೂ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತೆ. ಜೊತೆಗೆ 9 ವೋಲ್ಟ್ ಬ್ಯಾಟರಿ, 1 ಕಿಲೋ ಓಮ್ ಮತ್ತು 100 ಓಮ್ ರೆಸಿಸ್ಟರ್ ಒಂದೊಂದು, 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್, 10 ಮೈಕ್ರೋಫ್ಯಾರಡ್‌ನದು ಇನ್ನೊಂದು, 47 ಕಿಲೋ ಓಮ್ ಪ್ರೀಸೆಟ್ ಎಂಟು, ಒತ್ತುಗುಂಡಿ ಎಂಟು. ಸ್ಪೀಕರ್ ಅಟ್ಟದ ಮೇಲಿನ ಹಳೇ ಟ್ರಾನ್ಸಿಸ್ಟರಿನಲ್ಲೇ ಇರುತ್ತೆ.

ಐಸಿ ಕೆಲಸ ತಿಳಿಯಲು ಬಚ್ಚಲ ಹಂಡೆ ಸಾಕು. ಕೆಪಾಸಿಟರ್ ಹಂಡೆ, ರೆಸಿಸ್ಟರ್ ನಲ್ಲಿ. ಹಂಡೆ ಮೂರರಲ್ಲಿ ಎರಡು ಭಾಗ ತುಂಬಿದ ಕೂಡಲೆ ಐಸಿ ತೂಬು ತೆಗೆಯುತ್ತೆ. ಒಂದು ಭಾಗಕ್ಕೆ ಇಳಿದ ಕೂಡಲೆ ಮುಚ್ಚುತ್ತೆ. ಸೆಕೆಂಡಿಗೆ 240 ಸಲ ಹೀಗಾದರೆ ಸ್ಪೀಕರ್ 240 ಸಲ ಅದುರುತ್ತೆ. ಅದೇ ನಮ್ಮ 'ಸ'. ಬ್ಯಾಟರಿ ಸ್ವಲ್ಪ ಇಳಿದರೂ ಶ್ರುತಿ ಹೆಚ್ಚು ಕೆಡೋದಿಲ್ಲ, ಯಾಕೆಂದರೆ ಲೆಕ್ಕ ಎಲ್ಲಾ ಪಾಲಿನದು.

ಜೋಡಿಸುವ ಬಗೆ

ಐಸಿಯ ಗುರುತು ಕಚ್ಚು ಮೇಲಿರಲಿ. ಅದರ ಎಡಗಡೆಯದು 1ನೇ ಕಾಲು. ಅಲ್ಲಿಂದ ಎಡಗಡೆ ಕೆಳಗಿಳಿದು ಬಲಗಡೆ ಮೇಲಕ್ಕೆ ಎಣಿಸಿ. 8 ಮತ್ತು 4ನೇ ಕಾಲಿಗೆ ಬ್ಯಾಟರಿ ಪ್ಲಸ್, 1ಕ್ಕೆ ಮೈನಸ್. 2 ಮತ್ತು 6 ಸೇರಿಸಿ, ಅಲ್ಲಿಂದ ಮೈನಸ್ಸಿಗೆ 0.1 ಕೆಪಾಸಿಟರ್. 8ರಿಂದ 7ಕ್ಕೆ 1 ಕಿಲೋ ಓಮ್. 7ರಿಂದ 6ಕ್ಕೆ ಪ್ರೀಸೆಟ್‌ಗಳು, ಪ್ರತಿಯೊಂದಕ್ಕೂ ಅದರದೇ ಗುಂಡಿ. 3ನೇ ಕಾಲಿಗೆ 10 ಮೈಕ್ರೋಫ್ಯಾರಡ್‌ನ ಪ್ಲಸ್ ತುದಿ, ಇನ್ನೊಂದು ತುದಿಯಿಂದ 100 ಓಮ್, ಸ್ಪೀಕರ್, ಕೊನೆಗೆ ಮೈನಸ್. ಮುಗೀತು!

ಇನ್ನು ಲೆಕ್ಕ. ಅಂಗಡಿಯವರಿಗೆ ಕಷ್ಟವೇ ಅಲ್ಲ. ಪ್ರೀಸೆಟ್‌ನ ಓಮ್ ಎರಡರಷ್ಟು ಮಾಡಿ ಸಾವಿರ ಕೂಡಿಸಿ. 1 ಕೋಟಿ 44 ಲಕ್ಷವನ್ನು ಅದರಿಂದ ಭಾಗಿಸಿ. ಬಂದದ್ದೇ ಸೆಕೆಂಡಿನ ಕಂಪನ. 'ಸ'ಗೆ 29,500 ಓಮ್ ಇಟ್ಟರೆ 240. 'ಪ'ಗೆ 19,500 ಇಟ್ಟರೆ 360. ಮೇಲಿನ 'ಸ'ಗೆ 14,500 ಇಟ್ಟರೆ 480. ನಡುವಿನ ರಿ 270, ಗ 300, ಮ 320, ದ 400, ನಿ 450. ಸಾಮಾನು ನೂರಕ್ಕೆ ಐದೋ ಹತ್ತೋ ಹೆಚ್ಚುಕಮ್ಮಿ ಇರುತ್ತೆ. ಹಾಗಾಗಿ ಕೊನೆಗೆ ತಿರುಪು ತಿರುಗಿಸೋದು ಕಿವಿ ಕೇಳಿಯೇ. ಇಲ್ಲಿ ಹಾರ್ಮೋನಿಯಂ ಮೇಷ್ಟ್ರು ಬೇಕೇ ಬೇಕು!

ಎಚ್ಚರ ಸ್ವಾಮಿ

ಗೋಡೆಯ ಕರೆಂಟು ಮುಟ್ಟಲೇಬೇಡಿ, ಬ್ಯಾಟರಿಯಲ್ಲೇ ಮಾಡಿ. ಮೊದಲು ಬೆಸುಗೆ ಬೇಡ, ಬ್ರೆಡ್‌ಬೋರ್ಡಿನಲ್ಲಿ ಸಿಕ್ಕಿಸಿ ನೋಡಿ. ಐಸಿ ಬಿಸಿಯಾದರೆ ತಿರುಗುಮುರುಗಾಗಿದೆ ಅಂತ, ಕೂಡಲೆ ಬ್ಯಾಟರಿ ಕೀಳಿ. ಬೆಸುಗೆ ಕೆಲಸ ಆದ ಮೇಲೆ ಕೈ ತೊಳೆದೇ ಊಟ. ಅಗ್ಗದ ಬಿಲ್ಲೆ ಕೆಪಾಸಿಟರ್ ಹಾಕಿದರೆ ಜಗಳೂರಿನ ಬಿಸಿಲಿಗೆ ಶ್ರುತಿ ಜಾರುತ್ತೆ. ಪಾಲಿಯೆಸ್ಟರ್ ಅಂದದ್ದು ಅದಕ್ಕೇ. ಒಮ್ಮೆಗೆ ಒಂದೇ ಗುಂಡಿ ಒತ್ತಿ, ಎರಡು ಒತ್ತಿದರೆ ಎರಡು ಸ್ವರ ಬರೋದಿಲ್ಲ, ಎರಡಕ್ಕಿಂತ ಎತ್ತರದ ಮೂರನೆಯದು ಕಿರುಚುತ್ತೆ.

ದನಿ ಜಾತ್ರೆ ಪೀಪಿಯ ಹಾಗೆ ಒರಟು, ನಿಜ. ಅದನ್ನು ನಯ ಮಾಡುವ ಫಿಲ್ಟರ್, ಸ್ವರ ಅಲುಗಿಸುವ ಎರಡನೇ 555 ಮುಂದಿನ ಮೆಟ್ಟಿಲು. ಒಂದು ಪ್ರೀಸೆಟ್ ತೆಗೆದು ಬೆಳಕಿಗೆ ಬದಲಾಗುವ ಎಲ್‌ಡಿಆರ್ ಹಾಕಿ. ಅದರ ಗುಂಡಿ ಒತ್ತಿ ಹಿಡಿದು ಮೇಲೆ ಅಂಗೈ ಆಡಿಸಿದರೆ ರಾಗ ಏರಿಳಿಯುತ್ತೆ. ಹೈಸ್ಕೂಲ್ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಸಾಮಾನು ದಾವಣಗೆರೆ, ಶಿವಮೊಗ್ಗದಲ್ಲಿ ಸಿಗುತ್ತೆ. ಬೆಂಗಳೂರಿನ ಎಸ್.ಪಿ. ರಸ್ತೆ ಅಂತೂ ಇದ್ದೇ ಇದೆ. ಆದರೆ ಒಂದು ರೆಸಿಸ್ಟರಿಗೆ ಹುಡುಗ ಬಸ್ ಚಾರ್ಜ್ ಕೊಟ್ಟು ಅಷ್ಟು ದೂರ ಹೋಗಬೇಕಾ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೊಬೈಲ್ ಅಂಗಡಿಯವರೇ, ಡಬ್ಬಿಯಲ್ಲಿ ನಾಲ್ಕು 555 ಇಟ್ಟಿರಿ. ಸಂಜೆ ಕಾಲು ಗಂಟೆ ಬೆಸುಗೆ ಹಿಡಿಯೋದು ತೋರಿಸಿ. ನಾಳೆ ನಿಮ್ಮ ಅಂಗಡಿಗೇ ಕೆಲಸದ ಹುಡುಗ ಸಿಗ್ತಾನೆ. ಮುಂದಿನ ಗಣಪತಿ ಹೊತ್ತಿಗೆ ಊರಿನದೇ ಪೆಟ್ಟಿಗೆ ಪೆಂಡಾಲಿನಲ್ಲಿ 'ಸ' ಹಿಡಿದರೆ, ಅದು ಕೆಟ್ಟರೂ ಚಿಂತೆ ಇಲ್ಲ. ರಿಪೇರಿ ಮಾಡೋನು ಪಕ್ಕದ ಓಣಿಯಲ್ಲೇ ಇರ್ತಾನೆ.